2019ರಿಂದ ಬೀಗ ಹಾಕಿದ ಹೆಂಚಿನ ಮನೆ, ಅಜ್ಜನ ಹೆಸರಲ್ಲೇ ಇರುವ ಪಹಣಿ: ಊರಿಗೆ ಮರಳುವಾಗ ಯಾವ ಕೆಲಸ ಮೊದಲು?

ಜಗುಲಿಕಟ್ಟೆ

ಎಲ್ಲರಿಗೂ ನಮಸ್ಕಾರ. 17 ವರ್ಷ ಅಮೆರಿಕದಲ್ಲಿದ್ದು ಈಗ ಹುಟ್ಟೂರಿಗೇ ಬಂದು ನೆಲೆಸುವುದೆಂದು ತೀರ್ಮಾನವಾಗಿದೆ. ಊರು ಸಾಗರ ತಾಲ್ಲೂಕು, ತಾಳಗುಪ್ಪ ಹೋಬಳಿ. ನವೆಂಬರ್ ಮೊದಲ ವಾರಕ್ಕೆ ಟಿಕೆಟ್ ಆಗಿದೆ. ಬಲ್ಲವರು ಸರಿಯಾದ ಕ್ರಮ ಹೇಳಿದರೆ ಉಪಕಾರವಾಗುತ್ತದೆ. ವಿವರ ಹೀಗಿದೆ:

ಮನೆ ಸುಮಾರು 70 ವರ್ಷ ಹಳೆಯದು. ಮಣ್ಣಿನ ಗೋಡೆ, ಮಂಗಳೂರು ಹೆಂಚು, ಒಳಗೆ ಮರದ ಅಟ್ಟ. ಮಾಡಿನ (ಛಾವಣಿಯ) ಅಳತೆ ಹೆಚ್ಚುಕಡಿಮೆ 2,400 ಚದರ ಅಡಿ. 2019ರಿಂದ ಬೀಗ ಹಾಕಿದೆ. ಫೋಟೋದಲ್ಲಿ ಎರಡು ಕಡೆ ಹೆಂಚು ಜಾರಿದ್ದು, ಗೋಡೆ ಮೇಲೆ ಒರಲೆ (ಗೆದ್ದಲು) ಮಣ್ಣಿನ ಗೆರೆ ಎದ್ದಿದ್ದು ಕಾಣುತ್ತದೆ. ಅಂಗಳದ ಬಾವಿ 8 ಅಡಿ ಅಗಲ. ಆಗಿನಿಂದ ಯಾರೂ ನೀರು ಸೇದಿಲ್ಲ.

ಅಡಕೆ ತೋಟ ಒಂದೂವರೆ ಎಕರೆ. ಪಕ್ಕದ ಮನೆಯವರು ಚೇಣಿಗೆ (ಫಸಲನ್ನು ಗುತ್ತಿಗೆ ಹಿಡಿದು) ನೋಡಿಕೊಳ್ಳುತ್ತಿದ್ದಾರೆ. ಬರಹದಲ್ಲಿ ಏನೂ ಇಲ್ಲ.

ಪಹಣಿಯ 9ನೇ ಕಲಂನಲ್ಲಿ ಇವತ್ತಿಗೂ ಅಜ್ಜನ ಹೆಸರೇ ಇದೆ. ಅಜ್ಜ ತೀರಿಕೊಂಡಿದ್ದು 1994ರಲ್ಲಿ, ಅಪ್ಪ 2018ರಲ್ಲಿ, ಅಮ್ಮ 2019ರಲ್ಲಿ. ಮಕ್ಕಳು ನಾನು ಮತ್ತು ತಮ್ಮ, ಅವನು ಮೆಲ್ಬರ್ನ್‌ನಲ್ಲಿ. ಅಪ್ಪನಿಗೆ ಇಬ್ಬರು ತಂಗಿಯರು. ಒಬ್ಬ ಅತ್ತೆ ಇದ್ದಾರೆ, ಇನ್ನೊಬ್ಬರು ಈಗಿಲ್ಲ, ಅವರ ಮಕ್ಕಳಿದ್ದಾರೆ.

ನನ್ನದು ಭಾರತದ ಪಾಸ್‌ಪೋರ್ಟೇ, ಗ್ರೀನ್ ಕಾರ್ಡ್ ಇದೆ. ಆಧಾರ್ ಇಲ್ಲ.

ಡಿಸೆಂಬರ್ ಒಳಗೆ ಮನೆ ರಿಪೇರಿ ಮುಗಿಸಿ ಒಳಗೆ ಹೋಗಬಹುದೇ? ದಾಖಲೆ ಕೆಲಸ ಎಲ್ಲಿಂದ ಶುರು ಮಾಡಬೇಕು? ಹೊರಡುವ ಮುಂಚೆ ಇಲ್ಲಿಂದಲೇ ಮಾಡಿ ಮುಗಿಸಬೇಕಾದ್ದು ಏನಾದರೂ ಇದೆಯೇ?

ಪಕಾಸಿ_ರೀಪು

ಮೇಡಂ, ಡಿಸೆಂಬರ್ ಲೆಕ್ಕ ಈಗಲೇ ಬಿಟ್ಟುಬಿಡಿ. ನವೆಂಬರಿನಿಂದ ಜನವರಿ ಕೊನೆಯವರೆಗೆ ನಿಮ್ಮ ಕಡೆ ಕೊನೆಕೊಯ್ಲು (ಅಡಕೆ ಗೊನೆ ಇಳಿಸುವ ಕಾಲ). ಹಗಲು ಕೊಯ್ಲು, ರಾತ್ರಿ ಸುಲಿಯುವುದು, ಬೇಯಿಸುವುದು, ಒಣಗಿಸುವುದು. ಮಾಡು ಹತ್ತುವ ಆಳು ಬೇರೆ, ಅಡಕೆ ಕೆಲಸದ ಆಳು ಬೇರೆ ಅಂತ ಹಳ್ಳಿಯಲ್ಲಿ ಇರುವುದಿಲ್ಲ. ಡಬಲ್ ಕೂಲಿ ಕೊಡುತ್ತೇನೆ ಎಂದರೂ ಯಾರೂ ಕೊಯ್ಲು ಬಿಟ್ಟು ಬರುವುದಿಲ್ಲ, ಬರಲೂಬಾರದು. ಮಾಡಿನ ಕೆಲಸಕ್ಕೆ ಫೆಬ್ರವರಿ, ಮಾರ್ಚ್ ಸರಿಯಾದ ಕಾಲ. ಏಪ್ರಿಲ್ ಕೊನೆಗೆ ಗುಡುಗಿನ ಮಳೆ ಶುರುವಾಗುವುದರೊಳಗೆ ನೆತ್ತಿ ಹೆಂಚು ಕೂತಿರಬೇಕು. ಅಲ್ಲಿಯವರೆಗೆ ಸಾಗರದಲ್ಲೋ ತಾಳಗುಪ್ಪದಲ್ಲೋ ಬಾಡಿಗೆ ಮನೆ ಹಿಡಿಯಿರಿ. ಬಂದ ಕೂಡಲೇ ಮಾಡಬೇಕಾದ್ದು ಎರಡೇ: ಹೆಂಚು ಜಾರಿದ ಜಾಗಕ್ಕೆ ಟಾರ್ಪಾಲು ಕಟ್ಟಿಸುವುದು, ಮರ ಪರೀಕ್ಷೆ ಮಾಡಿಸುವುದು.

ಬೀಗ ತೆಗೆಯುವ ದಿನದ ಬಗ್ಗೆ ಮೊದಲು. ಬೆಳಿಗ್ಗೆಯೇ ಹೋಗಿ. ಬಾಗಿಲು, ಕಿಟಕಿ, ಬೆಳಕಿಂಡಿ ಎಲ್ಲ ತೆಗೆದಿಟ್ಟು ಹೊರಗೆ ಬನ್ನಿ, ಎರಡು ಮೂರು ಗಂಟೆ ಗಾಳಿ ಆಡಲಿ. ಹಾವು ಸೇರಿಕೊಳ್ಳುವುದು ಬಚ್ಚಲ ಹಂಡೆಯ ಒಲೆ, ಕಟ್ಟಿಗೆ ರಾಶಿ, ಅಕ್ಕಿ ಪೆಟ್ಟಿಗೆಯ ಹಿಂದೆ. ಕೈ ಹಾಕುವ ಮೊದಲು ಟಾರ್ಚ್ ಬಿಡಿ. ಅಟ್ಟಕ್ಕೆ ಯಾರೂ ಹತ್ತಬೇಡಿ. ಮೇಲಿನಿಂದ ಗಟ್ಟಿಯಾಗಿ ಕಾಣುವ ಹಲಗೆ ಒಳಗೆ ಪೂರ್ತಿ ಪೊಳ್ಳಾಗಿರಬಹುದು. ಬಾವಲಿ ಹಿಕ್ಕೆ, ಇಲಿ ಹಿಕ್ಕೆ ಒಣಗಿದ್ದನ್ನು ಹಾಗೇ ಗುಡಿಸಿದರೆ ಧೂಳು ನೇರ ಶ್ವಾಸಕೋಶಕ್ಕೆ ಹೋಗುತ್ತದೆ. ಎನ್95 ಮಾಸ್ಕ್ ಹಾಕಿ, ಸ್ಪ್ರೇಯರಿನಿಂದ ನೀರು ಚಿಮುಕಿಸಿ ಒದ್ದೆ ಮಾಡಿ, ಸಲಿಕೆಯಲ್ಲಿ ಬಾಚಿ ತೆಗೆಯಿರಿ. ಕೈಗೆ ರಬ್ಬರ್ ಗ್ಲೌಸ್, ಕಾಲಿಗೆ ಗಂಬೂಟು ಇರಲೇಬೇಕು, ಇಲಿ ಜ್ವರ ತಗಲುವುದು ಇಂಥ ಕೆಲಸದಲ್ಲೇ. ಒಲೆಗೆ ಅವತ್ತೇ ಬೆಂಕಿ ಹಾಕಬೇಡಿ, ಹೊಗೆಗೂಡಿನೊಳಗೆ ಏನು ಗೂಡು ಕಟ್ಟಿದೆಯೋ.

ಮರದ ಪರೀಕ್ಷೆಗೆ ಬೇಕಾದ್ದು ಒಂದು ಸ್ಕ್ರೂಡ್ರೈವರ್, ಒಂದು ಸುತ್ತಿಗೆ. ಪಕಾಸಿಯ (ಮಾಡಿನ ಇಳಿಜಾರಿಗೆ ಹಾಕಿದ ಉದ್ದ ಮರ) ನಡುಭಾಗ ನೋಡಿ ಸಮಾಧಾನಪಡಬೇಡಿ. ಹಾಳಾಗುವುದು ತುದಿ: ಪಕಾಸಿ ಗೋಡೆ ಮೇಲೆ ಕೂರುವ ಜಾಗ, ಎರಡು ಮಾಡು ಸೇರುವ ಮೂಲೆ, ತೊಲೆ ಮಣ್ಣಿನ ಗೋಡೆಯೊಳಗೆ ಹೊಕ್ಕಿರುವ ಒಂದು ಒಂದೂವರೆ ಅಡಿ. ಅಲ್ಲಿ ಸ್ಕ್ರೂಡ್ರೈವರ್ ಒತ್ತಿ. ಅರ್ಧ ಇಂಚಿಗಿಂತ ಜಾಸ್ತಿ ಸಲೀಸಾಗಿ ಇಳಿದರೆ ಆ ತುದಿ ಹೋಯಿತು. ನಡು ಗಟ್ಟಿ ಇದ್ದರೆ ಪೂರ್ತಿ ಬದಲಿಸುವುದು ಬೇಡ. ಹಾಳಾದ ತುದಿ ಕತ್ತರಿಸಿ ಅದೇ ಜಾತಿಯ ಮರದ ತುಂಡನ್ನು ಎರಡು ಅಡಿ ಜೋಡು ಬರುವಂತೆ ಬೋಲ್ಟ್ ಹಾಕಿ ಕೂಡಿಸಬಹುದು. ಹಳೆ ಮನೆಗಳ ಹಲಸು, ಮತ್ತಿಯಂಥ ಮರ ಈಗ ದುಡ್ಡು ಕೊಟ್ಟರೂ ಸಿಗುವುದು ಕಷ್ಟ. ಸ್ವಂತ ಜಮೀನಿನ ಮರವೇ ಆದರೂ ಕಡಿಯುವ ಮುಂಚೆ ಅರಣ್ಯ ಇಲಾಖೆಯ ವಲಯ ಕಚೇರಿಯಲ್ಲಿ ಕೇಳಿಕೊಳ್ಳಿ.

ಈಗ ಹೆಂಚು. ಒಂದು ಹೆಂಚು ತೆಗೆದು ಬೆನ್ನು ತಿರುಗಿಸಿ ನೋಡಿ, ಕಾರ್ಖಾನೆಯ ಹೆಸರು, ಗುರುತು ಉಬ್ಬಕ್ಷರದಲ್ಲಿ ಇರುತ್ತದೆ. 1860ರ ದಶಕದಲ್ಲಿ ಬಾಸೆಲ್ ಮಿಶನ್‌ನವರು ಮಂಗಳೂರಲ್ಲಿ ಶುರು ಮಾಡಿದ ಮೇಲೆ ಎಷ್ಟೋ ಕಾರ್ಖಾನೆಗಳು ಬಂದವು, ಮೇಲುನೋಟಕ್ಕೆ ಎಲ್ಲ ಒಂದೇ. ಆದರೆ ಒಂದಕ್ಕೊಂದು ಕೂರುವ ತುಟಿಯ ಅಳತೆ ಒಂದೊಂದು ಕಾರ್ಖಾನೆಗೆ ಒಂದೊಂದು ಥರ. ಬೇರೆ ಗುರುತಿನ ಹೆಂಚು ನಡುವೆ ಸೇರಿಸಿದರೆ ಎರಡು ಮೂರು ಮಿಲಿಮೀಟರ್ ಎದ್ದು ನಿಲ್ಲುತ್ತದೆ, ಆಷಾಢದ ಗಾಳಿಮಳೆಗೆ ಅಲ್ಲೇ ನೀರು ಒಳಗೆ ಬರುತ್ತದೆ. ಹೊಸದು ಕೊಳ್ಳುವುದಾದರೆ ಒಂದು ಇಳಿಜಾರು ಪೂರ್ತಿ ಹೊಸದು ಹಾಕಿ, ಅಲ್ಲಿಂದ ಇಳಿಸಿದ ಹಳೆಯದನ್ನು ಉಳಿದ ಇಳಿಜಾರುಗಳ ಬದಲಿಗೆ ಬಳಸಿ.

ಲೆಕ್ಕ: 100 ಚದರ ಅಡಿಗೆ ಸುಮಾರು 145 ಹೆಂಚು. ನಿಮ್ಮ ಮಾಡಿಗೆ 3,500ರ ಹತ್ತಿರ. ಇಳಿಸಿ, ತೊಳೆದು, ಏರಿಸುವಾಗ ಹತ್ತಕ್ಕೊಂದು ಒಡೆಯುತ್ತದೆ ಎಂದೇ ಇಟ್ಟುಕೊಂಡು 350 ಹೆಚ್ಚುವರಿ ತಂದಿಡಿ. ಇಳಿಸಿದ ಪ್ರತಿ ಹೆಂಚನ್ನೂ ಗೆಣ್ಣಿನಿಂದ ತಟ್ಟಿ ನೋಡಬೇಕು. ಠಣ್ ಅಂದರೆ ಸರಿ. ಸತ್ತ ಸದ್ದು ಬಂದರೆ ಕಣ್ಣಿಗೆ ಕಾಣದ ಬಿರುಕಿದೆ, ಅಂಥದ್ದನ್ನು ಕೊಟ್ಟಿಗೆ ಬದಿಗಿಡಿ. ಪಾಚಿ ತೆಗೆಯಲು ತೆಂಗಿನ ನಾರಿನ ಬ್ರಶ್ಶು ಮತ್ತು ನೀರು ಸಾಕು. ಪ್ರೆಶರ್ ವಾಷರ್ ಹಿಡಿದರೆ ಸುಟ್ಟ ಮೇಲ್ಮೈ ಎದ್ದುಹೋಗಿ, ಆಮೇಲೆ ಹೆಂಚು ನೀರು ಕುಡಿಯಲು ಶುರು ಮಾಡುತ್ತದೆ. ರೀಪಿನ (ಹೆಂಚು ಕೂರುವ ಅಡ್ಡಪಟ್ಟಿ) ಅಂತರವನ್ನು ಪುಸ್ತಕದ ಅಳತೆಯಲ್ಲಿ ಹೊಡೆಸಬೇಡಿ. ಹನ್ನೆರಡೂವರೆ ಇಂಚಿನ ಆಸುಪಾಸು ಬರುತ್ತದೆ, ಆದರೆ ನಿಮ್ಮ ಹೆಂಚನ್ನೇ ಮೇಲೆ ಕೆಳಗೆ ಕೂರಿಸಿ ನೋಡಿ ಗುರುತು ಹಾಕಿಸಿ.

"ಹೆಂಚು ತೆಗೆದು ಶೀಟ್ ಹಾಕಿಬಿಡಿ" ಎಂದು ಹೇಳುವವರು ಖಂಡಿತ ಬರುತ್ತಾರೆ. ದಯವಿಟ್ಟು ಕೇಳಬೇಡಿ. ಹೆಂಚಿನ ಮಾಡು ಪ್ರತಿ ಚದರ ಮೀಟರಿಗೆ ಸುಮಾರು 36 ಕಿಲೋ ತೂಗುತ್ತದೆ, ಆ ಭಾರವೇ ಗಾಳಿಗೆ ಮಾಡು ಏಳದಂತೆ ಹಿಡಿದಿರುವುದು. ಹಗುರದ ಶೀಟಿಗೆ ಗೋಡೆಯೊಳಗಿನಿಂದ ಬೋಲ್ಟ್ ಬಿಗಿತ ಬೇಕು, ಮಣ್ಣಿನ ಗೋಡೆ ಅದನ್ನು ಹಿಡಿದುಕೊಳ್ಳುವುದಿಲ್ಲ.

ಒರಲೆಗೆ: ಗೋಡೆ ಮೇಲಿನ ಮಣ್ಣಿನ ಗೆರೆ ಕೆರೆದು ಹಾಕಿದರೆ ಪ್ರಯೋಜನವಿಲ್ಲ, ಗೂಡು ನೆಲದೊಳಗಿದೆ. ಗೋಡೆ ಮತ್ತು ನೆಲ ಸೇರುವ ಅಂಚಿನಲ್ಲಿ, ನೆಲಕ್ಕೆ, ಅಡಿಗೊಂದರಂತೆ 12 ಮಿಲಿಮೀಟರ್ ತೂತು ಕೊರೆದು ಇಮಿಡಾಕ್ಲೋಪ್ರಿಡ್ 30.5ರ ದ್ರಾವಣ ಹುಯ್ಯಬೇಕು. ಲೀಟರ್ ನೀರಿಗೆ 2.1 ಮಿಲಿಲೀಟರ್, ತೂತಿಗೆ ಒಂದು ಲೀಟರ್. ಮಣ್ಣಿನ ಗೋಡೆಯಾದ್ದರಿಂದ ಒಂದೇ ಸಲ ಸುರಿಯದೆ ನಾಲ್ಕೈದು ಸಲವಾಗಿ ಇಂಗಿಸಿ, ಇಲ್ಲದಿದ್ದರೆ ಗೋಡೆಯ ಬುಡ ನೆನೆದು ಕೂರುತ್ತದೆ. ಬಾವಿಯ ಕಡೆಯ ಗೋಡೆಗೆ ಇದನ್ನು ಮಾಡಲೇಬೇಡಿ. ಅಲ್ಲಿ ದಿನಾ ನೋಡಿ ಗೆರೆ ಕೆರೆಯುವುದು, ಮರಕ್ಕೆ ಗೇರೆಣ್ಣೆ ಬಳಿಯುವುದು ಅಷ್ಟೇ.

ಗೋಡೆ ಬಿರುಕಿಗೆ ಸಿಮೆಂಟ್ ಪ್ಲಾಸ್ಟರ್ ಬೇಡ. ಮಣ್ಣಿನ ಗೋಡೆ ಮಳೆಗಾಲದಲ್ಲಿ ಎಳೆದುಕೊಂಡ ತೇವವನ್ನು ಬೇಸಿಗೆಯಲ್ಲಿ ಬಿಡುತ್ತದೆ. ಸಿಮೆಂಟ್ ಬಳಿದರೆ ತೇವ ಒಳಗೇ ಸಿಕ್ಕಿಕೊಂಡು ಎರಡು ಮೂರು ಮಳೆಗಾಲದಲ್ಲಿ ಪ್ಲಾಸ್ಟರ್ ಹಾಳೆ ಹಾಳೆಯಾಗಿ ಬಿಟ್ಟುಬರುತ್ತದೆ, ಜೊತೆಗೆ ಗೋಡೆಯ ಮಣ್ಣನ್ನೂ ಕಿತ್ತುಕೊಂಡು. ಒಳಗೆ ಜರಡಿ ಹಿಡಿದ ಮಣ್ಣಿಗೆ ಭತ್ತದ ಹೊಟ್ಟು ಕಲೆಸಿ ಒಂದು ವಾರ ಕೊಳೆಹಾಕಿದ ಗಾರೆ. ಹೊರಗೆ ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಮರಳು. ಸುಣ್ಣ ಕನಿಷ್ಠ ಎರಡು ವಾರ ನೀರಲ್ಲಿ ನೆನೆದಿರಬೇಕು.

ವಿದ್ಯುತ್ತು: ಹಳೆ ಮೆಸ್ಕಾಂ ಬಿಲ್ಲಿನಲ್ಲಿ ಆರ್‌ಆರ್ ನಂಬರ್ (ಸಂಪರ್ಕದ ಗುರುತು ಸಂಖ್ಯೆ) ಹುಡುಕಿ ಸೆಕ್ಷನ್ ಆಫೀಸಿನಲ್ಲಿ ಬಾಕಿ ವಿಚಾರಿಸಿ. ಒಳಗಿನ ವೈರನ್ನು ಇಲಿ ಕಡಿದಿರುತ್ತದೆ ಎಂದೇ ತಿಳಿಯಿರಿ. ಪೂರ್ತಿ ಹೊಸದು ಎಳೆಸಿ, ಹೊಸ ಅರ್ಥಿಂಗ್, 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಕಡಿಯುವ ಸ್ವಿಚ್) ಹಾಕಿಸಿ, ಆಮೇಲೆ ಮಾತ್ರ ಮೇನ್ ಆನ್ ಮಾಡಿ. ಅಮೆರಿಕದ ಮಿಕ್ಸರ್, ಮೈಕ್ರೋವೇವ್, ವಾಷಿಂಗ್ ಮಷೀನ್ ತರಬೇಡಿ. ಅವು 120 ವೋಲ್ಟ್ 60 ಹರ್ಟ್ಸ್‌ನವು, ಇಲ್ಲಿ 230 ವೋಲ್ಟ್ 50 ಹರ್ಟ್ಸ್. ಟ್ರಾನ್ಸ್‌ಫಾರ್ಮರ್ ವೋಲ್ಟ್ ಇಳಿಸುತ್ತದೆ, ಹರ್ಟ್ಸ್ ಬದಲಿಸುವುದಿಲ್ಲ, ಮೋಟಾರು ಬಿಸಿಯೇರುತ್ತದೆ.

ಮನೆಗೆ ಹೋಗಿ ಸೇರಿದ ಮೇಲೆ ದಿನಾ ಹಂಡೆ ಒಲೆ ಉರಿಸಿ. ಆ ಹೊಗೆಯೇ ಇಷ್ಟು ವರ್ಷ ಪಕಾಸಿ ರೀಪುಗಳನ್ನು ಹುಳದಿಂದ ಕಾಪಾಡಿದ್ದು.

ಕಂದಾಯ_ಕಡತ

ಮಾಡಿಗೆ ಫೆಬ್ರವರಿ ತನಕ ಕಾಯಬಹುದು, ಕಾಗದದ ಕೆಲಸವನ್ನು ಇವತ್ತೇ ಅಲ್ಲಿಂದಲೇ ಶುರು ಮಾಡಿ.

ಮೊದಲು ಭೂಮಿ ಜಾಲತಾಣದಲ್ಲಿ ನಿಮ್ಮ ಎಲ್ಲ ಸರ್ವೆ ನಂಬರಿನ ಪಹಣಿ ತೆಗೆಯಿರಿ, ತೋಟದ್ದು ಮಾತ್ರ ಅಲ್ಲ. ಗದ್ದೆ, ಬ್ಯಾಣ (ಹುಲ್ಲುಗಾವಲು), ಮನೆ ಇರುವ ಹಿಸ್ಸಾ (ಸರ್ವೆ ನಂಬರಿನ ಭಾಗ) ಎಲ್ಲ. ಮೂರು ಕಲಂ ಮುಖ್ಯ. 9ರಲ್ಲಿ ಯಾರ ಹೆಸರು. 11ರಲ್ಲಿ ಸಾಲ, ಇತರ ಹಕ್ಕು. 12ರಲ್ಲಿ ಬೆಳೆ, ಸಾಗುವಳಿ ಮಾಡುತ್ತಿರುವವರ ಹೆಸರು. ಜೊತೆಗೆ ನೋಂದಣಿ ಇಲಾಖೆಯ ಕಾವೇರಿ 2.0 ಜಾಲತಾಣದಲ್ಲಿ ಋಣಭಾರ ಪ್ರಮಾಣಪತ್ರ ತೆಗೆದಿಡಿ.

ಅಜ್ಜನ ಹೆಸರಿನಿಂದ ನೇರವಾಗಿ ನಿಮ್ಮ ಹೆಸರಿಗೆ ಬರುವುದಿಲ್ಲ. ಪೌತಿ ಖಾತೆ (ತೀರಿಕೊಂಡವರ ಖಾತೆಯ ವರ್ಗಾವಣೆ) ಆಗುವುದು ಅಜ್ಜನ ಎಲ್ಲ ವಾರಸುದಾರರ ಹೆಸರಿಗೆ, ಜಂಟಿಯಾಗಿ. ನಿಮ್ಮ ವಂಶವೃಕ್ಷ ಅಜ್ಜನಿಂದ ಶುರುವಾಗಬೇಕು: ಅಪ್ಪನ ಕವಲಿನಲ್ಲಿ ನೀವು ಮತ್ತು ನಿಮ್ಮ ತಮ್ಮ; ಬೇರೆ ಕವಲಾಗಿ ಈಗಿರುವ ಅತ್ತೆ; ತೀರಿಕೊಂಡ ಅತ್ತೆಯ ಕವಲಿನಲ್ಲಿ ಅವರ ಮಕ್ಕಳು, ಗಂಡ ಇದ್ದರೆ ಅವರೂ. "ಮದುವೆಯಾಗಿ ಹೋದವರು" ಎಂದು ಅತ್ತೆಯರ ಹೆಸರು ಬಿಟ್ಟು ವಂಶವೃಕ್ಷ ಮಾಡಿಸಿಕೊಡುತ್ತೇನೆ ಎನ್ನುವ ಮಧ್ಯವರ್ತಿ ಸಿಗುತ್ತಾನೆ. ಅದು ಸುಳ್ಳು ದಾಖಲೆ, ಹತ್ತು ವರ್ಷ ಬಿಟ್ಟು ಬೇಕಾದರೂ ಕೋರ್ಟಿನಲ್ಲಿ ಬಿದ್ದುಹೋಗುತ್ತದೆ. ಹೆಣ್ಣುಮಕ್ಕಳ ಸಮಪಾಲಿನ ಬಗ್ಗೆ ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ, ಅದನ್ನು ಬಿಡಿಸಿ ಹೇಳಿದ 2020ರ ಸುಪ್ರೀಂ ಕೋರ್ಟ್ ತೀರ್ಪು ಇವೆ. ಅಜ್ಜನ ಕಾಲದಲ್ಲೇ ಪಾಲಾಗಿತ್ತೇ ಎನ್ನುವುದರ ಮೇಲೆ ನಿಮ್ಮ ಕುಟುಂಬದ ಲೆಕ್ಕ ನಿಲ್ಲುತ್ತದೆ, ಅದನ್ನು ಸಾಗರದ ಸಿವಿಲ್ ವಕೀಲರಿಗೆ ಕಾಗದ ತೋರಿಸಿಯೇ ಕೇಳಬೇಕು. ಮನೆಯ ಹಳೆ ಪೆಟ್ಟಿಗೆಯಲ್ಲಿ ಪಾಲುಪಟ್ಟಿ, ಕಂದಾಯ ರಶೀದಿ, ಕೈಬರಹದ ಹಳೆ ಪಹಣಿ ಏನು ಸಿಕ್ಕರೂ ಎಸೆಯಬೇಡಿ. ಶುಚಿ ಮಾಡುವ ಆಳುಗಳಿಗೆ ಬೀಗ ತೆಗೆಯುವ ಮುಂಚೆಯೇ ಇದನ್ನು ಹೇಳಿ, ಇಂಥ ಕಾಗದ ಬಚ್ಚಲೊಲೆ ಸೇರುವುದು ಮೊದಲ ದಿನವೇ.

ಬೇಕಾಗುವ ಕಾಗದ: ಅಜ್ಜ, ಅಜ್ಜಿ, ಅಪ್ಪ, ಅಮ್ಮ, ತೀರಿಕೊಂಡ ಅತ್ತೆ ಎಲ್ಲರ ಮರಣ ಪ್ರಮಾಣಪತ್ರ, ವಂಶವೃಕ್ಷ, ಪಹಣಿ, ಎಲ್ಲ ವಾರಸುದಾರರ ಆಧಾರ್. ಕೆಲಸ ನಿಲ್ಲುವುದು ಎರಡು ಕಡೆ. ಒಂದು, 1994ರ ಮರಣ ನೋಂದಣಿಯೇ ಆಗಿರುವುದಿಲ್ಲ. ವರ್ಷ ದಾಟಿದ ಮರಣಕ್ಕೆ ಮೇಲಧಿಕಾರಿಯ ಆದೇಶ ಬೇಕು, ಅದಕ್ಕೂ ಮೊದಲು "ದಾಖಲೆ ಲಭ್ಯವಿಲ್ಲ" ಎಂಬ ಪತ್ರ ಬೇಕು. ಇದೊಂದಕ್ಕೇ ತಿಂಗಳುಗಟ್ಟಲೆ ಹಿಡಿಯುತ್ತದೆ, ಹಾಗಾಗಿ ಊರಲ್ಲಿರುವವರಿಂದ ಇದನ್ನು ಈಗಲೇ ವಿಚಾರಿಸಿ. ಎರಡು, ಹೆಸರಿನ ವ್ಯತ್ಯಾಸ. ಪಹಣಿಯಲ್ಲಿ ತಂದೆಯ ಹೆಸರು ಸೇರಿಸಿ ಬರೆದದ್ದು, ಮರಣಪತ್ರದಲ್ಲಿ ಇನಿಷಿಯಲ್, ಶಾಲೆ ದಾಖಲೆಯಲ್ಲಿ ಮತ್ತೊಂದು. ಇಬ್ಬರೂ ಒಬ್ಬರೇ ಎಂದು ಅಫಿಡವಿಟ್ ಮಾಡಿಸಬೇಕು. ನಾಡಕಚೇರಿಯಲ್ಲಿ ಅರ್ಜಿ ಕೊಟ್ಟ ಮೇಲೆ ಆಕ್ಷೇಪಣೆಗೆ ಸಾಮಾನ್ಯವಾಗಿ 30 ದಿನದ ನೋಟಿಸ್. ತಕರಾರು ಬರದಿದ್ದರೆ ಎಂಆರ್ (ಹಕ್ಕು ಬದಲಾವಣೆಯ ನಮೂದು) ಆಗಿ ಪಹಣಿಯಲ್ಲಿ ಹೆಸರು ಕೂರುತ್ತದೆ.

ಆಮೇಲೆ ಅತ್ತೆ ಅಥವಾ ಅವರ ಮಕ್ಕಳು ತಮ್ಮ ಪಾಲು ಬಿಡುವುದಾದರೆ ನೋಂದಾಯಿತ ಹಕ್ಕು ಬಿಡುಗಡೆ ಪತ್ರ, ಹಂಚಿಕೊಳ್ಳುವುದಾದರೆ ವಿಭಾಗ ಪತ್ರ. ಒಂದೇ ಸರ್ವೆ ನಂಬರನ್ನು ಒಡೆಯುವುದಾದರೆ ನೋಂದಣಿಗೆ ಮುಂಚೆ 11ಇ ನಕ್ಷೆ (ಒಡೆದ ಭಾಗಗಳನ್ನು ತೋರಿಸುವ ಸರ್ವೆ ನಕ್ಷೆ) ಬೇಕು, ಸರ್ವೆಯರ್ ಸರದಿಗೆ ಕಾಯಬೇಕಾಗುತ್ತದೆ. ಒಂದು ಮಾತು: ಅತ್ತೆಗೆ ವಾಟ್ಸಪ್‌ನಲ್ಲಿ ಕರಡು ಪತ್ರ ಕಳಿಸಬೇಡಿ. ಬಂದ ಮೇಲೆ ಅವರ ಮನೆಗೆ ಹೋಗಿ, ಕೂತು, ಅವರಿಗೇನು ಬೇಕೆಂದು ಕೇಳಿ. ತವರಿನ ಪಾಲನ್ನು ಬಿಡುವುದೂ ಉಳಿಸಿಕೊಳ್ಳುವುದೂ ಅವರ ಹಕ್ಕು.

ತಮ್ಮ ಬರಲಾಗದಿದ್ದರೆ ನಿಮ್ಮ ಹೆಸರಿಗೆ ಅಧಿಕಾರ ಪತ್ರ ಕಳಿಸಲಿ. ಮೆಲ್ಬರ್ನ್‌ನ ಭಾರತೀಯ ಕಾನ್ಸುಲೇಟಿನಲ್ಲಿ ದೃಢೀಕರಿಸಿದ್ದೇ ಇದ್ದರೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ತಕರಾರು ಕಡಿಮೆ. ಪತ್ರದಲ್ಲಿ ಸರ್ವೆ ನಂಬರ್, ವಿಸ್ತೀರ್ಣ, ಚೆಕ್ಕುಬಂದಿ, ಯಾವ ಯಾವ ಕೆಲಸಕ್ಕೆ ಅಧಿಕಾರ ಎಂಬುದನ್ನು ಬಿಡಿಸಿ ಬರೆಯಿರಿ; "ಎಲ್ಲ ಆಸ್ತಿ" ಎಂದಷ್ಟೇ ಬರೆದರೆ ವಾಪಸ್ ಬರುತ್ತದೆ. ಅದು ಇಲ್ಲಿಗೆ ತಲುಪಿದ 3 ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಿಸಬೇಕು. ಬಂದ ಲಕೋಟೆ, ತಾರೀಕು ಜೋಪಾನವಾಗಿಡಿ.

ಆಧಾರ್‌ಗೆ ನಿಮ್ಮದು ಭಾರತದ ಪಾಸ್‌ಪೋರ್ಟ್ ಆದ್ದರಿಂದ ಬಂದ ಮರುದಿನವೇ ನೋಂದಾಯಿಸಬಹುದು. ಮನೆಯಲ್ಲಿ ಒಸಿಐ (ವಿದೇಶಿ ಪೌರತ್ವದ ಭಾರತೀಯ ಮೂಲದವರ ಕಾರ್ಡ್) ಇರುವವರಿದ್ದರೆ ಅವರು ಹಿಂದಿನ 12 ತಿಂಗಳಲ್ಲಿ 182 ದಿನ ಇಲ್ಲಿದ್ದಿರಬೇಕು.

ಜಗುಲಿಕಟ್ಟೆ

ಇಬ್ಬರಿಗೂ ತುಂಬಾ ಧನ್ಯವಾದ. ಮಾರ್ಚ್‌ವರೆಗೆ ಬಾಡಿಗೆ ಮನೆ ಹುಡುಕಲು ಹೇಳಿದ್ದೇವೆ.

ಪಹಣಿ ತೆಗೆದು ನೋಡಿದೆ. 11ನೇ ಕಲಂನಲ್ಲಿ ಒಂದು ಸಹಕಾರ ಸಂಘದ ಸಾಲ 22,000 ರೂಪಾಯಿ, ಅಜ್ಜನ ಕಾಲದ್ದು. ತೀರಿಸಿದೆ ಎಂದು ಅಪ್ಪ ಹೇಳುತ್ತಿದ್ದರು. ಇನ್ನೊಂದು ಸರ್ವೆ ನಂಬರಿನಲ್ಲಿ "ಬೆಟ್ಟ" ಎಂದು 4 ಎಕರೆ ಇದೆ, ಅದೂ ನಮ್ಮದೇ ಎಂದುಕೊಂಡಿದ್ದೆವು. ಬಾವಿಯ ಬಗ್ಗೆ ಮತ್ತು ಬ್ಯಾಂಕ್ ಖಾತೆಗಳ ಬಗ್ಗೆ ಬಲ್ಲವರು ಹೇಳಬೇಕು. ಬಾವಿಯಲ್ಲಿ ನೀರು ಈಗ 12 ಅಡಿ ಇದೆಯಂತೆ.

ಬಾವಿಗಡ್ಡೆ

ಬಾವಿಗೆ ಇಳಿದು ಕೆಸರು ತೆಗೆಸುವುದನ್ನು ಏಪ್ರಿಲ್ ಕೊನೆಗೆ ಇಟ್ಟುಕೊಳ್ಳಿ. ನವೆಂಬರಿನಲ್ಲಿ ಒರತೆ ಜೋರಾಗಿರುತ್ತದೆ, ಎಷ್ಟು ಪಂಪು ಹಚ್ಚಿದರೂ ತಳ ಕಾಣುವುದಿಲ್ಲ. ಬಂದ ಕೂಡಲೇ ಮೇಲಿನ ಕಸ ಎತ್ತಿ, ಒಂದು ದಿನ ಪೂರ್ತಿ ನೀರು ಹೊರಗೆ ಬಿಟ್ಟು, ಮತ್ತೆ ತುಂಬಿದ ಮೇಲೆ ಬ್ಲೀಚಿಂಗ್ ಪುಡಿ ಹಾಕಿ.

ಅಳತೆ ಹೀಗೆ. 8 ಅಡಿ ಅಂದರೆ 2.44 ಮೀಟರ್, ನೀರಿನ ಆಳ 12 ಅಡಿ ಅಂದರೆ 3.66 ಮೀಟರ್. ಅಗಲವನ್ನು ಅಗಲದಿಂದ ಗುಣಿಸಿ, ಆಳದಿಂದ ಗುಣಿಸಿ, 785ರಿಂದ ಗುಣಿಸಿದರೆ ಲೀಟರ್ ಬರುತ್ತದೆ: ಸುಮಾರು 17,000 ಲೀಟರ್. ಇಷ್ಟು ವರ್ಷ ಬಿಟ್ಟ ಬಾವಿಗೆ ಮೊದಲ ಸಲ ಲೀಟರಿಗೆ 50 ಮಿಲಿಗ್ರಾಂ ಕ್ಲೋರಿನ್ ಆಗಬೇಕು. ಶೇ 33 ಕ್ಲೋರಿನ್ ಇರುವ ಹೊಸ ಪುಡಿಯಾದರೆ 2.6 ಕಿಲೋ. ಅಂಗಡಿಯಲ್ಲಿ ತೆರೆದಿಟ್ಟ ಚೀಲದ ಪುಡಿಯಲ್ಲಿ ಕ್ಲೋರಿನ್ ಹಾರಿಹೋಗಿ ಬರೀ ಸುಣ್ಣ ಉಳಿದಿರುತ್ತದೆ, ಸೀಲ್ ಒಡೆಯದ ಪೊಟ್ಟಣವನ್ನೇ ಕೊಳ್ಳಿ. ಒಣಪುಡಿಯನ್ನು ಬಾವಿಗೆ ಎರಚಬೇಡಿ. ಬಕೆಟ್ಟಿನಲ್ಲಿ ಸ್ವಲ್ಪ ನೀರು ಹಾಕಿ ಗಂಜಿಯಂತೆ ಕಲೆಸಿ, ಮುಕ್ಕಾಲು ತುಂಬಿಸಿ, ಹತ್ತು ನಿಮಿಷ ಬಿಟ್ಟು ಮೇಲಿನ ತಿಳಿಯನ್ನು ಮಾತ್ರ ಬೇರೆ ಬಕೆಟ್ಟಿಗೆ ಬಗ್ಗಿಸಿ, ಹಗ್ಗದಲ್ಲಿ ನೀರಿನೊಳಗೆ ಇಳಿಸಿ ಮೇಲೆ ಕೆಳಗೆ ಆಡಿಸಬೇಕು. ಹಲವು ಕಂತು ಬೇಕಾಗುತ್ತದೆ. 24 ಗಂಟೆ ಮುಟ್ಟಬೇಡಿ. ಆಮೇಲೆ ವಾಸನೆ ಹೋಗುವವರೆಗೆ ಪಂಪಿನಿಂದ ಹೊರಹಾಕಿ. ಆ ನೀರು ತೋಟಕ್ಕೂ ಹಳ್ಳಕ್ಕೂ ಹೋಗದಂತೆ ಬಯಲಿಗೆ ಬಿಡಿ.

ಆಮೇಲೆ ಪರೀಕ್ಷೆ. ಎಚ್2ಎಸ್ ಬಾಟಲಿಯಲ್ಲಿ (ಕುಡಿಯುವ ನೀರು ಪರೀಕ್ಷಿಸುವ ಬಾಟಲಿ) ಗೆರೆಯವರೆಗೆ ನೀರು ತುಂಬಿ 24ರಿಂದ 48 ಗಂಟೆ ಇಟ್ಟಾಗ ಕಪ್ಪಾದರೆ ಮಲಿನ ಇದೆ ಎಂದು ಅರ್ಥ, ಮತ್ತೆ ಕ್ಲೋರಿನ್ ಹಾಕಬೇಕು. ಸರಿ ಬಂದರೂ ಒಮ್ಮೆ ನೀರು ಪರೀಕ್ಷಾ ಪ್ರಯೋಗಾಲಯಕ್ಕೆ ಕೊಡಿ. ಅಲ್ಲಿಯವರೆಗೆ ಕುದಿಸಿಯೇ ಕುಡಿಯಿರಿ. ಮುಂದೆ ಪ್ರತಿ ಸಲ 1,000 ಲೀಟರಿಗೆ ಎರಡೂವರೆ ಗ್ರಾಂ, ಅಂದರೆ ನಿಮ್ಮ ಬಾವಿಗೆ 43 ಗ್ರಾಂ ಸಾಕು. ಹೊಸ ಶೌಚಾಲಯದ ಗುಂಡಿ ತೋಡಿಸುವುದಿದ್ದರೆ ಬಾವಿಯಿಂದ 15 ಮೀಟರ್ ಆಚೆ, ಇಳಿಜಾರಿನ ಕೆಳಗೆ.

ಏಪ್ರಿಲಿನಲ್ಲಿ ಇಳಿಯುವವರ ವಿಷಯದಲ್ಲಿ ಒಂದಿಷ್ಟೂ ಸಡಿಲ ಬೇಡ. ದೀಪ ಇಳಿಸಿ ನೋಡುವ ಹಳೆ ಕ್ರಮ ಆಮ್ಲಜನಕ ಕಡಿಮೆ ಇದೆಯೇ ಎಂದಷ್ಟೇ ಹೇಳುತ್ತದೆ, ವಿಷಾನಿಲವನ್ನಲ್ಲ. ಬ್ಲೋವರ್‌ನಿಂದ ಅರ್ಧ ಗಂಟೆ ಗಾಳಿ ಊದಿಸಿ, ಇಳಿಯುವವನ ಸೊಂಟಕ್ಕೆ ಹಗ್ಗ, ಮೇಲೆ ಇಬ್ಬರು. ಪೆಟ್ರೋಲ್, ಡೀಸೆಲ್, ಸೀಮೆಎಣ್ಣೆ ಪಂಪನ್ನು ಬಾವಿಯೊಳಗಿನ ಅಟ್ಟಣಿಗೆ ಮೇಲೆ ಇಡಲೇಬಾರದು. ಹೊಗೆ ಒಳಗೇ ನಿಂತು ಇಳಿದವನು ಮೇಲೆ ಬರುವುದಿಲ್ಲ. ಒಬ್ಬ ಬಿದ್ದನೆಂದು ಇನ್ನೊಬ್ಬ ಹಾರಿ ಇಬ್ಬರೂ ಹೋಗುವುದು ಹೀಗೆಯೇ.

ನೀವು ಕೇಳದ ಒಂದು ವಿಷಯ. ಬರುತ್ತಿರುವುದು ನವೆಂಬರಿನಲ್ಲಿ, ಮಂಗನ ಕಾಯಿಲೆಯ ಋತು ಅಲ್ಲಿಂದ ಮೇವರೆಗೆ. 1957ರಲ್ಲಿ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ರೋಗ. 2019ರಲ್ಲಿ ನಿಮ್ಮದೇ ತಾಲ್ಲೂಕಿನ ಅರಳಗೋಡಿನಲ್ಲಿ ಸಾವುಗಳಾದವು. ಹರಡುವುದು ಉಣುಗಿನಿಂದ (ಉಣ್ಣೆಹುಳು). ಬೆಟ್ಟಕ್ಕೆ ಹೋಗುವಾಗ, ಮನೆ ಹಿಂದಿನ ದರಗು (ಒಣಗಿದ ಎಲೆ) ಗುಡಿಸುವಾಗ ತುಂಬು ತೋಳಿನ ಬಟ್ಟೆ ಹಾಕಿ, ಪ್ಯಾಂಟಿನ ತುದಿ ಕಾಲುಚೀಲದೊಳಗೆ ಸೇರಿಸಿ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಣುಗು ಹತ್ತದಂತೆ ಕೊಡುವ ಡೆಪಾ ಎಣ್ಣೆ ಹಚ್ಚಿಕೊಳ್ಳಿ. ಬಂದ ಮೇಲೆ ಬಿಸಿನೀರಿನ ಸ್ನಾನ, ಬಟ್ಟೆ ಕುದಿನೀರಿಗೆ. ವಾರದೊಳಗೆ ಜೋರು ಜ್ವರ, ಮೈಕೈ ನೋವು ಬಂದರೆ ಮಾತ್ರೆ ನುಂಗಿ ಮಲಗದೆ ಆಸ್ಪತ್ರೆಗೆ ಹೋಗಿ, ಕಾಡಿಗೆ ಹೋಗಿದ್ದೆ ಎಂದು ಬಾಯಿಬಿಟ್ಟು ಹೇಳಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ.

ಲೆಕ್ಕದ_ವಹಿ

ಹಣದ ಬಗ್ಗೆ ಚಿಕ್ಕದಾಗಿ. ನವೆಂಬರಿನಲ್ಲಿ ಬರುವುದು ನಿಮಗೆ ಒಳ್ಳೆಯದೇ. ನವೆಂಬರ್ 1ಕ್ಕೆ ಬಂದರೂ ಮಾರ್ಚ್ 31ಕ್ಕೆ 151 ದಿನ, ತೆರಿಗೆ ಲೆಕ್ಕದಲ್ಲಿ ನಿವಾಸಿ ಎನ್ನಿಸುವ 182ಕ್ಕಿಂತ ಕಡಿಮೆ. ಹಿಂದಿನ ನಾಲ್ಕು ವರ್ಷಗಳಲ್ಲಿ ಊರಿಗೆ ಬಂದುಹೋದ ದಿನಗಳ ಮೊತ್ತ 365 ಮುಟ್ಟದಿದ್ದರೆ ಆ ಹಣಕಾಸು ವರ್ಷಕ್ಕೆ ನೀವು ಅನಿವಾಸಿ. ಅದರ ಮುಂದಿನ ಎರಡು ವರ್ಷ ನಿವಾಸಿ, ಆದರೆ ಸಾಮಾನ್ಯ ನಿವಾಸಿ ಅಲ್ಲ. ಹಿಂದಿನ 10 ವರ್ಷಗಳಲ್ಲಿ 9 ವರ್ಷ ಅನಿವಾಸಿಯಾಗಿದ್ದವರಿಗೆ ಈ ಸ್ಥಾನ. ಅಷ್ಟೂ ಕಾಲ ಅಮೆರಿಕದಲ್ಲಿ ಹುಟ್ಟುವ ಬಡ್ಡಿ, ಡಿವಿಡೆಂಡ್, ಬಾಡಿಗೆಗೆ ಇಲ್ಲಿ ತೆರಿಗೆ ಇಲ್ಲ. ಮೂರನೇ ವರ್ಷದಿಂದ ಎಲ್ಲ ವಿದೇಶಿ ಆಸ್ತಿಯನ್ನೂ ರಿಟರ್ನ್ಸ್‌ನಲ್ಲಿ ತೋರಿಸಬೇಕು, ಬಿಟ್ಟರೆ 10 ಲಕ್ಷ ದಂಡ ಬೀಳಬಹುದು. ಪಾಸ್‌ಪೋರ್ಟಿನ ಮುದ್ರೆಗಳನ್ನು ನೋಡಿ ದಿನಗಳ ಪಟ್ಟಿಯನ್ನು ಈಗಲೇ ಬರೆದಿಡಿ.

ಬ್ಯಾಂಕಿನ ಲೆಕ್ಕ ಬೇರೆ, ಇಲ್ಲೇ ಬಹಳ ಜನ ತಪ್ಪುವುದು. ಫೆಮಾ (ವಿದೇಶಿ ವಿನಿಮಯ ಕಾಯ್ದೆ) ಪ್ರಕಾರ ನೆಲೆಸುವ ಉದ್ದೇಶದಿಂದ ಬಂದ ದಿನದಿಂದಲೇ ನೀವು ನಿವಾಸಿ. ಎನ್‌ಆರ್‌ಇ, ಎನ್‌ಆರ್‌ಒ ಎಂಬ ಅನಿವಾಸಿ ಖಾತೆಗಳನ್ನು ಆಗಲೇ ಬದಲಿಸಬೇಕು, ಎನ್‌ಆರ್‌ಇ ಬಡ್ಡಿಗೂ ಅಲ್ಲಿಂದ ತೆರಿಗೆ. ಎಫ್‌ಸಿಎನ್‌ಆರ್ (ಅನಿವಾಸಿಗಳ ವಿದೇಶಿ ಕರೆನ್ಸಿ) ಠೇವಣಿಯನ್ನು ಅವಧಿ ಮುಗಿಯುವವರೆಗೆ ಹಾಗೇ ಬಿಡಬಹುದು. ಡಾಲರನ್ನು ಡಾಲರಾಗಿಯೇ ಇಟ್ಟುಕೊಳ್ಳಲು ಆರ್‌ಎಫ್‌ಸಿ (ನಿವಾಸಿಗಳ ವಿದೇಶಿ ಕರೆನ್ಸಿ) ಖಾತೆ ತೆರೆಯಿರಿ.

ಹೊರಡುವ ಮುಂಚೆ ಅಲ್ಲೇ ಮಾಡಬೇಕಾದ್ದು: ಅಮೆರಿಕದ ಫೋನ್ ನಂಬರನ್ನು ಕಡಿಮೆ ಬಾಡಿಗೆಯ ಪ್ಲ್ಯಾನಿಗೆ ಬದಲಿಸಿ ಜೀವಂತವಾಗಿಡಿ, ಅಲ್ಲಿನ ಬ್ಯಾಂಕಿನ ಒಟಿಪಿ ಎಲ್ಲ ಅದಕ್ಕೇ ಬರುವುದು. ಗ್ರೀನ್ ಕಾರ್ಡ್ ಕೈಯಲ್ಲಿರುವವರೆಗೆ ಅಮೆರಿಕಕ್ಕೂ ರಿಟರ್ನ್ಸ್ ಹಾಕಬೇಕು. ಐ-407 (ಗ್ರೀನ್ ಕಾರ್ಡ್ ಬಿಟ್ಟುಕೊಡುವ ಅರ್ಜಿ) ಕೊಟ್ಟು ಬಿಡುವ ಮೊದಲು, 8 ವರ್ಷಕ್ಕಿಂತ ಹಳೆಯ ಕಾರ್ಡಾಗಿದ್ದರೆ ನಿರ್ಗಮನ ತೆರಿಗೆ ತಗಲುತ್ತದೆಯೇ ಎಂದು ಅಲ್ಲಿನ ಲೆಕ್ಕಿಗರನ್ನು ಕೇಳಿ. ಆರೋಗ್ಯ ವಿಮೆಯನ್ನು ಅಲ್ಲಿದ್ದೇ ಇಲ್ಲಿನದ್ದು ಮಾಡಿಸಿ. ಮೊದಲಿನಿಂದ ಇರುವ ಕಾಯಿಲೆಗಳಿಗೆ 3 ವರ್ಷದವರೆಗೆ ಕಾಯುವ ಅವಧಿ ಇರುತ್ತದೆ, ಅದು ಬೇಗ ಶುರುವಾದಷ್ಟೂ ಒಳ್ಳೆಯದು.

ಕಂದಾಯ_ಕಡತ

ಮೇಡಂ, ಸಾಲದ ನಮೂದು: ತೀರಿಸಿದ್ದು ಸಂಘದ ಪುಸ್ತಕದಲ್ಲಿ ಇರುತ್ತದೆ, ಪಹಣಿಯಿಂದ ತೆಗೆಸಲು ಆಗಿನ ಕಾಲದಲ್ಲಿ ಯಾರೂ ಹೋಗುತ್ತಿರಲಿಲ್ಲ. ಸಂಘದಿಂದ ಋಣಮುಕ್ತ ಪತ್ರ ತಂದು ಅರ್ಜಿ ಕೊಟ್ಟರೆ 11ನೇ ಕಲಂ ಖಾಲಿಯಾಗುತ್ತದೆ. ಪೌತಿ ಖಾತೆಗೆ ಅದು ಅಡ್ಡಿಯಲ್ಲ, ಆದರೆ ಹೊಸ ಬೆಳೆಸಾಲ, ಬಿಡುಗಡೆ ಪತ್ರ ಎಂದಾಗ ಎದುರಾಗುತ್ತದೆ.

"ಬೆಟ್ಟ" ಎಂದಿರುವುದು ಸೊಪ್ಪಿನಬೆಟ್ಟ ಇರಬೇಕು. ತೋಟಕ್ಕೆ ಸೊಪ್ಪು, ದರಗು ತರಲು ಬಿಟ್ಟುಕೊಟ್ಟ ಸವಲತ್ತು ಅದು, ಒಡೆತನ ಸರ್ಕಾರದ್ದು. ಮಾರುವಂತಿಲ್ಲ, ಮನೆ ಕಟ್ಟುವಂತಿಲ್ಲ, ಮರ ಕಡಿಯುವಂತಿಲ್ಲ. ಆಸ್ತಿಯ ಲೆಕ್ಕಕ್ಕೆ ಸೇರಿಸಬೇಡಿ, ಆದರೆ ಬೇಲಿ ಜರುಗದಂತೆ ನೋಡಿಕೊಳ್ಳಿ.

ಚೇಣಿಯ ಬಗ್ಗೆ ಎಚ್ಚರ. ನಿಮ್ಮ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರ ಸತ್ಯಾಗ್ರಹ ನಡೆದದ್ದು ನಿಮಗೆ ಗೊತ್ತಿರುತ್ತದೆ. 1974ರಿಂದ ಕರ್ನಾಟಕದಲ್ಲಿ ಕೃಷಿ ಜಮೀನನ್ನು ಗೇಣಿಗೆ ಕೊಡುವುದೇ ನಿಷಿದ್ಧ. ಹಾಗಾಗಿ "ಗೇಣಿ ಕರಾರು", "ಜಮೀನು ಲೀಸ್" ಎಂದು ಯಾವ ಕಾಗದವನ್ನೂ ಮಾಡಬೇಡಿ. ಬರೆಯುವುದಾದರೆ ಒಂದು ಫಸಲಿಗೆ ಮಾತ್ರ, ಮರದ ಮೇಲಿನ ಅಡಕೆ ಗೊನೆಯ ಮಾರಾಟ ಎಂದು, ಮೊತ್ತ ಮತ್ತು ಕೊಯ್ಲು ಮುಗಿಸಬೇಕಾದ ತಾರೀಕು ಹಾಕಿ. ಪಕ್ಕದ ಮನೆಯವರು ಇಷ್ಟು ವರ್ಷ ತೋಟ ಹಸಿರಾಗಿಟ್ಟಿದ್ದಾರೆ. ಈ ಕೊಯ್ಲು ಅವರದೇ, ಮಧ್ಯದಲ್ಲಿ ಬಿಡಿಸಬೇಡಿ. ಕೊಯ್ಲಾದ ಮೇಲೆ ಅವರನ್ನು ಕರೆದುಕೊಂಡು ತೋಟವೆಲ್ಲ ನಡೆದು ಬನ್ನಿ: ಎಷ್ಟು ಮರ ಸತ್ತಿವೆ, ಬಸಿಗಾಲುವೆ ಎಲ್ಲಿ ತುಂಬಿದೆ, ಎಲೆಚುಕ್ಕಿ ರೋಗ ಎಷ್ಟು ಮರಕ್ಕೆ ಬಂದಿದೆ ಎಂದು ಅವರೇ ತೋರಿಸುತ್ತಾರೆ. 9 ಅಡಿ ಅಂತರದಲ್ಲಿ ಎಕರೆಗೆ 540 ಮರದ ಆಸುಪಾಸು ಇರಬೇಕು, ನಿಮ್ಮಲ್ಲಿ 800ರ ಹತ್ತಿರ. ಕೊಳೆರೋಗಕ್ಕೆ ಮೊದಲ ಔಷಧಿ ಮಳೆ ಹಿಡಿಯುವ ಮುಂಚೆ ಬೀಳಬೇಕು, 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಎರಡನೆಯದು 40–45 ದಿನಕ್ಕೆ. ಮರ ಹತ್ತಿ ಔಷಧಿ ಹೊಡೆಯುವ ಕೊನೆಗೌಡರಿಗೆ ಮಾರ್ಚ್‌ನಲ್ಲೇ ಹೇಳಿಡಬೇಕು, ಮೇ ತಿಂಗಳಲ್ಲಿ ಕೇಳಿದರೆ ಸಿಗುವುದಿಲ್ಲ.

12ನೇ ಕಲಂನಲ್ಲಿ ಸಾಗುವಳಿದಾರ ಎಂದು ಯಾರ ಹೆಸರಿದೆ ಎಂಬುದನ್ನು ನೀವು ಬರೆದಿಲ್ಲ. ಅದನ್ನು ಇನ್ನೊಮ್ಮೆ ನೋಡಿ ಇಲ್ಲಿ ಹಾಕಿ.